ಮಕ್ಕಳನ್ನು ಕಟ್ಟಿಕೊಂಡು ಕೀನ್ಯಾದ ಕಿಸುಮುಗೆ ಸೇವೆಗೆ ಹೊರಟವರಿಗೆ

ಮುದ್ದೆ ಕೋಲು ಹೊತ್ತುಕೊಂಡು ಬರಬೇಡಿ. ಎಲ್ಲಕ್ಕಿಂತ ಮೊದಲು ಇದನ್ನೇ ಹೇಳುತ್ತಿದ್ದೇನೆ, ಯಾಕಂದ್ರೆ ನಾನು ಹೊತ್ತು ತಂದಿದ್ದೆ. ಮಂಡ್ಯದ ಮನೆಯಿಂದ ಹೊರಟು ಮುಂಬೈ, ನೈರೋಬಿ, ಕಿಸುಮು ಅಂತ ಮೂರು ವಿಮಾನ ಹತ್ತಿಸಿದ ಮೇಲೆ, ಪಕ್ಕದ ಮನೆಯಾಕೆ ಒಲೆ ಮುಂದೆ ನಿಂತು ಅಂಥದ್ದೇ ಒಂದು ಕೋಲಿನಲ್ಲಿ ಹಿಟ್ಟು ತಿರುವುತ್ತಿದ್ದಳು. ತುದಿ ಸ್ವಲ್ಪ ಚಪ್ಪಟೆ, ಅಷ್ಟೇ ವ್ಯತ್ಯಾಸ. ಅದಕ್ಕೆ ಇಲ್ಲಿ ಮ್ವಿಕೊ ಅನ್ನುತ್ತಾರೆ, ಆ ಮುದ್ದೆಗೆ ಉಗಾಲಿ.

ನಮ್ಮ ಚರ್ಚಿನ ಸಭೆಯಿಂದ ಮಿಷನರಿ ಸೇವೆಗೆ ಕೀನ್ಯಾಕ್ಕೆ ಬಂದಾಗ ಮಗಳಿಗೆ 6 ವರ್ಷ, ಮಗನಿಗೆ 3. ನಮ್ಮನೆಯವರು ಬೈಬಲ್ ಶಾಲೆಯಲ್ಲಿ ಪಾಠ ಮಾಡುತ್ತಾರೆ, ನಾನು ನರ್ಸ್. ಈಗ ಇನ್ನೊಂದು ಕುಟುಂಬ ಹೊರಟಿದೆ. "ಅಕ್ಕಾ, ಏನೇನು ತರಬೇಕು, ಮಕ್ಕಳು ಹೇಗೆ ಹೊಂದಿಕೊಳ್ಳುತ್ತಾರೆ" ಅಂತ ದಿನಾ ಮೆಸೇಜ್. ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಸಲ ಬರೆಯೋಣ ಅಂತ ಕೂತೆ.

ಮೊದಲ ಮೂರು ತಿಂಗಳು ಮನೆಯೇ ಸೇವೆ

ಇದನ್ನು ಊರಿನಲ್ಲಿ ಪಾಸ್ಟರ್ ಅಯ್ಯನವರಿಗೂ ಕಮಿಟಿಯವರಿಗೂ ಮೊದಲೇ ಹೇಳಿ ಬನ್ನಿ. ಇಲ್ಲದಿದ್ದರೆ ಎರಡನೇ ವಾರಕ್ಕೇ "ಕೆಲಸ ಹೇಗೆ ನಡೀತಿದೆ, ಫೋಟೊ ಕಳಿಸಿ" ಅಂತ ಶುರುವಾಗುತ್ತದೆ. ನಮಗೂ ಆಯಿತು. ನಾವು ಸಂಕೋಚಕ್ಕೆ ಬಿದ್ದು, ಇನ್ನೂ ಸೊಳ್ಳೆಪರದೆ ಕೂಡ ಸರಿಯಾಗಿ ಕಟ್ಟದ ಮನೆಯಿಂದ ಮಕ್ಕಳನ್ನು ಎಬ್ಬಿಸಿಕೊಂಡು ಹಳ್ಳಿ ಭೇಟಿಗೆ ಹೋದೆವು, ಅಲ್ಲಿ ಕೂಟ ನಾಲ್ಕು ಗಂಟೆ ನಡೆಯಿತು, ವಾಪಸ್ ಬರುವಾಗ ಮಗ ಗಾಡಿಯಲ್ಲೇ ವಾಂತಿ ಮಾಡಿಕೊಂಡ, ಮಗಳು ಎರಡು ದಿನ ನಮ್ಮಿಬ್ಬರ ಹತ್ತಿರ ಮಾತೇ ಆಡಲಿಲ್ಲ. ಫೋಟೊ ಮಾತ್ರ ಚೆನ್ನಾಗಿ ಬಂದಿತ್ತು.

ಅದಾದ ಮೇಲೆ ನಾನು ಹಟ ಹಿಡಿದೆ. ಮಕ್ಕಳ ಊಟ, ನಿದ್ದೆ, ಸ್ಕೂಲು ಒಂದು ಹದಕ್ಕೆ ಬರುವವರೆಗೆ ಭಾನುವಾರದ ಆರಾಧನೆ ಬಿಟ್ಟು ಇನ್ನೆಲ್ಲಿಗೂ ಇಲ್ಲ. ನಾನು ಆಸ್ಪತ್ರೆ ಕೆಲಸಕ್ಕೆ ಕಾಲಿಟ್ಟಿದ್ದು ನಾಲ್ಕನೇ ತಿಂಗಳಲ್ಲಿ. ಇಲ್ಲಿಯ ಸಭೆಯವರು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಾಗಿದ್ದು ಊರಿನವರಿಗೆ ಮಾತ್ರ.

ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ. 2024ರ ಜನವರಿಯಿಂದ ಕೀನ್ಯಾ ವೀಸಾ ತೆಗೆದು ಇ-ಟಿಎ ಅನ್ನೋ ಪ್ರಯಾಣದ ಅನುಮತಿ ತಂದಿದೆ, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಹಾಕಬೇಕು. ಅದು ಒಳಗೆ ಬರಲಿಕ್ಕೆ ಮಾತ್ರ. ಸೇವೆ ಮಾಡಲಿಕ್ಕೆ ಬೇರೆ ಪರ್ಮಿಟ್ ಬೇಕು. ಧಾರ್ಮಿಕ ಮತ್ತು ದಾನಧರ್ಮದ ಕೆಲಸದವರಿಗೆ ಇರುವುದು ‘ಐ’ ವರ್ಗದ್ದು. ನಿಮ್ಮನ್ನು ಕರೆಸಿಕೊಳ್ಳುವ ಇಲ್ಲಿಯ ಸಂಸ್ಥೆಯ ಮೂಲಕ ಅದಾಗಬೇಕು. ಹೆಂಡತಿ ಮಕ್ಕಳಿಗೆ ಡಿಪೆಂಡೆಂಟ್ ಪಾಸ್. ಮಕ್ಕಳ ಜನನ ಪತ್ರ, ನಿಮ್ಮ ಮದುವೆ ಪತ್ರ ಎರಡೂ ಇಂಗ್ಲಿಷಿನಲ್ಲಿರಲಿ.

ಯೆಲ್ಲೋ ಫೀವರ್ ಲಸಿಕೆ ಹೊರಡಲಿಕ್ಕೆ ಕನಿಷ್ಠ 10 ದಿನ ಮೊದಲೇ, ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಿ. ತುಂಬಾ ಜನ ಇದು ಕೀನ್ಯಾದವರು ಕೇಳೋದು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನೀವು ರಜೆಗೆ ಊರಿಗೆ ಬಂದಾಗ ನಮ್ಮ ದೇಶದವರೇ ಕೇಳುತ್ತಾರೆ, ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡನ್ನು ಆಯಾ ಮಗುವಿನ ಪಾಸ್‌ಪೋರ್ಟ್ ಜೊತೆಗೇ ಇಡಿ.

ಇನ್ನೊಂದು. 2017ರ ಆಗಸ್ಟ್‌ನಿಂದ ಇಲ್ಲಿ ಪ್ಲಾಸ್ಟಿಕ್ ಕೈಚೀಲ ಪೂರ್ತಿ ಬಂದ್. ಸಾರಿನ ಪುಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಬಟ್ಟೆ ಚೀಲದಲ್ಲಿ ಕಟ್ಟಿ ತನ್ನಿ.

ಮನೆ ನೋಡುವಾಗ

ಗೋಡೆ, ಟೈಲ್ಸ್, ಕಿಟಕಿಯಿಂದ ಕಾಣುವ ಕೆರೆ ಎಲ್ಲ ಆಮೇಲೆ. ಕೆರೆ ಅಂದೆ, ಅದು ವಿಕ್ಟೋರಿಯಾ ಸರೋವರ. ಮೊದಲು ನೀರಿನ ಟ್ಯಾಂಕ್ ಎಷ್ಟು ದೊಡ್ಡದು ಕೇಳಿ, ಯಾಕಂದ್ರೆ ನಲ್ಲಿ ದಿನಾ ಬರುತ್ತದೆ ಅನ್ನೋ ಭರವಸೆ ಬೇಡ. ಆಮೇಲೆ ಕಿಟಕಿಗೆಲ್ಲ ಸೊಳ್ಳೆ ಜಾಲರಿ ಇದೆಯಾ, ಎಲ್ಲಾದರೂ ಹರಿದಿದೆಯಾ ಅಂತ ಕೈಹಾಕಿ ನೋಡಿ. ಹಿತ್ತಲಲ್ಲಿ ಮಣ್ಣಿದ್ದರೆ ಒಳ್ಳೆಯದು, ಮಕ್ಕಳು ಆಡುತ್ತಾರೆ, ಆದರೆ ಚಪ್ಪಲಿ ಹಾಕಿಯೇ ಆಡಬೇಕು. ಜಿಗ್ಗರ್ ಅಂತ ಒಂದು ಚಿಗಟದ ಜಾತಿ ಬರಿಗಾಲಿನೊಳಗೆ ಸೇರಿಕೊಳ್ಳುತ್ತದೆ, ಇಲ್ಲಿಯವರು ಫುನ್ಜಾ ಅನ್ನುತ್ತಾರೆ.

ಕರೆಂಟು 240 ವೋಲ್ಟ್, ನಮ್ಮ ಮಿಕ್ಸಿ ಸಲೀಸಾಗಿ ಓಡುತ್ತದೆ. ಪ್ಲಗ್ ಮಾತ್ರ ಹಿಡಿಸುವುದಿಲ್ಲ, ಚೌಕದ ಮೂರು ಪಿನ್ನಿನದ್ದು ಬೇಕು. ಮೀಟರಿಗೆ ಮೊದಲೇ ದುಡ್ಡು ಹಾಕಬೇಕು. ದುಡ್ಡು ಕಟ್ಟಿದರೆ ಫೋನಿಗೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಒತ್ತಬೇಕು. ನಮ್ಮ ಮಗಳು ಅಂಕಿ ಓದೋದು ಸರಾಗವಾಗಿ ಕಲಿತಿದ್ದು ಹೀಗೇ, ಒಂದೊಂದಾಗಿ ಅವಳು ಹೇಳುತ್ತಾಳೆ, ಅಪ್ಪ ಒತ್ತುತ್ತಾರೆ. ದುಡ್ಡು ಅಂದರೆ ಎಂ-ಪೆಸಾ, ಫೋನಿನಲ್ಲೇ ಕಟ್ಟೋದು. 2007ರಲ್ಲಿ ಶುರುವಾಗಿದ್ದು, ನಮ್ಮ ಯುಪಿಐಗಿಂತ ಹಳೆಯದು. ಸೊಪ್ಪಿನವಳಿಂದ ಹಿಡಿದು ಚರ್ಚಿನ ಕಾಣಿಕೆವರೆಗೂ ಅದೇ. ಪಾಸ್‌ಪೋರ್ಟ್ ತೋರಿಸಿ ಮೊದಲ ದಿನವೇ ಸಿಮ್ ತೆಗೆದುಕೊಳ್ಳಿ.

ಜ್ವರ

ಇಲ್ಲಿ ಸ್ವಲ್ಪ ನಿಂತು ಓದಿ. ನೈರೋಬಿಯಲ್ಲಿರುವ ಯಾರಾದರೂ "ಮಲೇರಿಯಾ ಏನೂ ಇಲ್ಲ ಬನ್ನಿ" ಅಂದರೆ ಅದು ಅವರ ಊರಿನ ಮಾತು. ನೈರೋಬಿ 1,700 ಮೀಟರ್ ಎತ್ತರದಲ್ಲಿದೆ, ತಂಪು. ಕಿಸುಮು 1,100 ಚಿಲ್ಲರೆ ಮೀಟರ್, ಸರೋವರದ ದಡ, ಬಿಸಿಲು, ಸಂಜೆಗೆ ಗುಡುಗು ಮಳೆ. ಇಡೀ ದೇಶದಲ್ಲಿ ಮಲೇರಿಯಾ ಜಾಸ್ತಿ ಇರುವುದೇ ಈ ಸರೋವರದ ಸುತ್ತ. ಚಿಕ್ಕಮಕ್ಕಳಿಗೆ ಮಲೇರಿಯಾ ಲಸಿಕೆಯನ್ನು ಕೀನ್ಯಾ 2019ರಲ್ಲಿ ಮೊದಲು ಕೊಟ್ಟಿದ್ದೂ ಇದೇ ಸೀಮೆಯಲ್ಲಿ, ಹೋಮಾ ಬೇಯಿಂದ.

ಊರಲ್ಲಿ ನಾವು ಏನು ಮಾಡುತ್ತೇವೆ? ಮಗುವಿಗೆ ಜ್ವರ ಬಂದರೆ ಪ್ಯಾರಸಿಟಮಾಲ್ ಕೊಟ್ಟು ಎರಡು ದಿನ ನೋಡುತ್ತೇವೆ. ಆ ಅಭ್ಯಾಸ ಬಿಟ್ಟುಬಿಡಿ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ, ಬೆರಳು ಚುಚ್ಚಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮಲೇರಿಯಾ ಅಂತಾದರೆ ಸಾಮಾನ್ಯವಾಗಿ ಕೊಡುವ ಮಾತ್ರೆ ಮೂರು ದಿನದ್ದು, ಮಗುವಿನ ತೂಕ ನೋಡಿ ಕೊಡುತ್ತಾರೆ, ಹಾಲು ಅಥವಾ ಜಿಡ್ಡಿರುವ ಊಟದ ಜೊತೆ ಕೊಟ್ಟರೆ ಚೆನ್ನಾಗಿ ಹತ್ತುತ್ತದೆ. ಎರಡನೇ ದಿನಕ್ಕೆ ಜ್ವರ ಇಳಿದು ಮಗು ಓಡಾಡುತ್ತಿದ್ದರೂ ಮಾತ್ರೆ ನಿಲ್ಲಿಸಬೇಡಿ. ನಾನು ನರ್ಸ್ ಆಗಿದ್ದೂ ಮಗನಿಗೆ ಮೊದಲ ಸಲ ಬಂದಾಗ "ಪ್ರಯಾಣದ ಸುಸ್ತು" ಅಂತ ಒಂದು ರಾತ್ರಿ ಕಳೆದೆ. ಬೆಳಿಗ್ಗೆ ಅವನ ಕಣ್ಣು ನೋಡಿ ಕೈಕಾಲು ಬಿದ್ದುಹೋಯಿತು. ಹುಷಾರಾದ, ದೇವರ ದಯೆ. ಆದರೂ ಆ ರಾತ್ರಿ ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಬರುವ ಮೊದಲು ತಡೆ ಮಾತ್ರೆ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ. ಸೊಳ್ಳೆಪರದೆ ಮಧ್ಯಾಹ್ನದ ನಿದ್ದೆಗೂ ಹಾಕಿ. ಸರೋವರದಲ್ಲಿ ಕಾಲು ಇಳಿಬಿಡೋದು ಬೇಡವೇ ಬೇಡ, ನೀರಿನ ಬಸವನಹುಳದಿಂದ ಬರುವ ಬಿಲ್‌ಹಾರ್ಜಿಯಾ ಅನ್ನೋ ರೋಗ ಇದೆ. ಡುಂಗಾ ಕಡೆ ನೀರಾನೆಯೂ ಇದೆ. ಮಕ್ಕಳಿಗೆ ನೀರಾನೆಯ ಕಥೆ ಹೇಳಿದರೆ ಸಾಕು, ಹತ್ತಿರ ಹೋಗುವುದಿಲ್ಲ.

ಅಡುಗೆಮನೆ

ರಾಗಿ ತಿಂದು ಬೆಳೆದ ಮಕ್ಕಳಾದರೆ ನೀವು ಅರ್ಧ ಗೆದ್ದಂತೆ. ಇಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ. ಅದರ ಗಂಜಿ, ಉಜಿ, ಇಲ್ಲಿಯ ಮಕ್ಕಳ ಬೆಳಗಿನ ಆಹಾರ. ಅಸಲಿಗೆ ರಾಗಿ ಈ ಪೂರ್ವ ಆಫ್ರಿಕಾದ್ದೇ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು. ನಮ್ಮತ್ತೆಗೆ ಇದನ್ನು ಹೇಳಿದರೆ ನಂಬಲಿಲ್ಲ. "ರಾಗಿ ಮಂಡ್ಯದ್ದು ಕಣಮ್ಮ" ಅಂದರು. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಹಿಟ್ಟಿನಲ್ಲಿ ಕೆಲವು ಸಲ ಬೇರೆ ಕಾಳು ಬೆರೆತಿರುತ್ತದೆ. ಕಾಳು ಕೊಂಡು ಗಿರಣಿಯಲ್ಲಿ ಬೀಸಿಸಿ.

ನಮ್ಮ ಹಾಗೇ ಇವರಿಗೂ ಭತ್ತಕ್ಕೆ, ಅಕ್ಕಿಗೆ, ಅನ್ನಕ್ಕೆ ಬೇರೆ ಬೇರೆ ಮಾತಿದೆ: ಎಂಪುಂಗಾ, ಎಂಚೆಲೆ, ವಾಲಿ. ಅಂಗಡಿಯಲ್ಲಿ ವಾಲಿ ಕೊಡಿ ಅಂದರೆ ನಗುತ್ತಾರೆ. ಅಕ್ಕಿ ಪಕ್ಕದ ಅಹೇರೊದಲ್ಲೇ ಬೆಳೆಯುತ್ತದೆ. ತೊಗರಿ ಎಂಬಾಜಿ, ಹೆಸರುಕಾಳು ಎನ್ಡೆಂಗು, ಕೊತ್ತಂಬರಿ ದಾನಿಯಾ. ಸುಕುಮಾ ವಿಕಿ ಅನ್ನೋ ಸೊಪ್ಪು ಎಲ್ಲ ಕಡೆ, ಅಗ್ಗ. ಆ ಹೆಸರಿನ ಅರ್ಥವೇ ‘ವಾರ ತಳ್ಳು’. ಸಣ್ಣಗೆ ಹೆಚ್ಚಿ ತೆಂಗಿನಕಾಯಿ ಹಾಕಿ ಪಲ್ಯ ಮಾಡಿದರೆ ಮಕ್ಕಳು ತಿನ್ನುತ್ತಾರೆ. ಕಿಬುಯೆ ಸಂತೆ ಜೋರಾಗಿ ಸೇರುವುದು ಭಾನುವಾರ, ನಮ್ಮಂಥವರಿಗೆ ಆ ದಿನ ಆಗುವುದಿಲ್ಲ, ಬೇರೆ ದಿನ ಹೋದರೂ ತರಕಾರಿಗೆ ಕೊರತೆಯಿಲ್ಲ. ಕರಿಬೇವು, ಹುಣಸೆಹಣ್ಣು, ಉದ್ದಿನಬೇಳೆ ಗುಜರಾತಿಗಳ ಅಂಗಡಿಯಲ್ಲಿ.

ಆ ಗುಜರಾತಿಗಳಿಂದಲೇ ಇನ್ನೊಂದು ವಿಷಯ. ರೈಲ್ವೆ ಕಟ್ಟಲಿಕ್ಕೆ ಬ್ರಿಟಿಷರು ಹಿಂದೂಸ್ತಾನದಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ತಂದರು, 1901ರಲ್ಲಿ ಹಳಿ ಕಿಸುಮು ಮುಟ್ಟಿತು, ಹಿಂದೆಯೇ ವ್ಯಾಪಾರಿಗಳು ಬಂದರು. ಹಾಗಾಗಿ ಇಲ್ಲಿ ನಮ್ಮ ಬಣ್ಣ ಕಂಡರೆ ಮುಹಿಂದಿ, ಅಂದರೆ ಭಾರತದವರು, ಮುಹಿಂದಿ ಅಂದಮೇಲೆ ಅಂಗಡಿಯವರೇ. ಮಿಷನರಿ ಅಂದರೆ ಬಿಳಿಯರು ಅಂತಲೇ ಜನರ ತಲೆಯಲ್ಲಿದೆ. ಮೊದಲ ದಿನ ಚರ್ಚಿನಲ್ಲಿ ಒಬ್ಬ ಅಜ್ಜ ನಮ್ಮನ್ನು ಕೇಳಿದ್ದು "ನಿಮ್ಮ ಅಂಗಡಿ ಎಲ್ಲಿ?" ಅಂತ. ಬೇಜಾರಾಗಬೇಡಿ. ಬೀದಿಯಲ್ಲಿ ಹುಡುಗರು "ಮುಹಿಂದಿ" ಅಂತ ಕೂಗಿದರೆ ಅದು ಬೈಗುಳ ಅಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.

ಮಾತು ಮತ್ತು ಗಡಿಯಾರ

ಸ್ವಾಹಿಲಿ ನಿಮಗೆ ಆಗಲೇ ಸ್ವಲ್ಪ ಬರುತ್ತದೆ, ಗೊತ್ತಿಲ್ಲ ಅಷ್ಟೇ. ಮೇಜು ಮೇಜಾ, ಸಾಬೂನು ಸಬುನಿ, ಸಕ್ಕರೆ ಸುಕಾರಿ, ಬಂದರು ಬಂದಾರಿ, ಗಾಡಿ ಗಾರಿ, ರಂಗು ರಂಗಿ, ಲಕ್ಷ ಲಾಕಿ. ದವಾಖಾನೆಯ ದವಾ ಇಲ್ಲಿ ಔಷಧಿ. ಹಡಗಿನ ವ್ಯಾಪಾರದಲ್ಲಿ ಅರಬ್ಬಿ, ಪಾರಸಿ, ನಮ್ಮ ಕಡೆಯ ಮಾತು ಎಲ್ಲ ಕಲೆತುಹೋಗಿವೆ. ನಾವು ಫ್ರಿಜ್ ಮೇಲೆ ಇಂಥ ಪದಗಳ ಪಟ್ಟಿ ಅಂಟಿಸಿ, ಹೊಸದು ಹಿಡಿದವರಿಗೆ ಒಂದು ಬಿಸ್ಕತ್ತು ಅಂತ ಆಟ ಮಾಡಿದೆವು. ಆದರೆ ಕಿಸುಮುವಿನ ಮನೆಮಾತು ಲುವೊ ಜನರ ಢೊಲುವೊ. ಥ್ಯಾಂಕ್ಸ್‌ಗೆ "ಎರೊಕಮಾನೊ" ಅನ್ನೋದೊಂದು ಕಲಿತರೆ ಸಾಕು, ಮುದುಕಿಯರ ಮುಖ ಅರಳುತ್ತದೆ. ಅವರಲ್ಲಿ ಹುಟ್ಟಿದ ಹೊತ್ತು ನೋಡಿ ಹೆಸರಿಡುತ್ತಾರೆ. ಬೆಳಿಗ್ಗೆ ಹುಟ್ಟಿದ ನಮ್ಮ ಮಗಳು ಈಗ ಬೀದಿಗೆಲ್ಲ ಅಕಿನ್ಯಿ, ನಾನು ಮಾಮಾ ಅಕಿನ್ಯಿ.

ಗಂಟೆ ಮಾತ್ರ ಮೋಸ ಮಾಡುತ್ತದೆ. ಸಮಭಾಜಕದ ಹತ್ತಿರ ಹಗಲು ರಾತ್ರಿ ವರ್ಷವಿಡೀ ಹೆಚ್ಚುಕಡಿಮೆ ಸಮ, ಹಾಗಾಗಿ ಸ್ವಾಹಿಲಿ ಗಂಟೆ ಬೆಳಿಗ್ಗೆ ಆರಕ್ಕೆ ಶುರು. ನಮ್ಮ ಏಳು ಗಂಟೆ ಅವರ ಒಂದು ಗಂಟೆ. ಒಬ್ಬರು ಶನಿವಾರ "ಸಾ ನಾನೆ" ಊಟಕ್ಕೆ ಕರೆದರು. ನಾನೆ ಅಂದರೆ ಎಂಟು ಅಂತ ಅದೇ ವಾರ ಕಲಿತಿದ್ದೆ. ಮಕ್ಕಳಿಗೆ ತಲೆ ಬಾಚಿ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವರ ಮನೆ ಮುಂದೆ ನಿಂತರೆ ಆಯಮ್ಮ ಅಂಗಳ ಗುಡಿಸುತ್ತಿದ್ದಾರೆ. ಊಟ ಇದ್ದದ್ದು ಮಧ್ಯಾಹ್ನ ಎರಡಕ್ಕೆ. ಆರು ಗಂಟೆ ಅಲ್ಲೇ ಕೂತಿದ್ದೆವು, ಕೋಳಿ ಹಿಡಿಯುವುದರಿಂದ ಹಿಡಿದು ಎಲ್ಲ ನೋಡಿ, ಉಗಾಲಿ ತಿರುವಿ. ಕಿಸುಮುವಿನಲ್ಲಿ ನನ್ನ ಮೊದಲ ಗೆಳತಿ ಅವರೇ.

ಸ್ಕೂಲು

ಇಲ್ಲಿ ಶಾಲೆ ಜನವರಿಗೆ ಶುರು, ವರ್ಷಕ್ಕೆ ಮೂರು ಟರ್ಮ್. ನಾವು ಜೂನ್ ಲೆಕ್ಕದಲ್ಲಿ ಬಂದು ನಡುವರ್ಷಕ್ಕೆ ಸಿಕ್ಕಿಕೊಂಡೆವು. ಸಾಧ್ಯವಾದರೆ ನವೆಂಬರ್ ಡಿಸೆಂಬರ್ ರಜೆಯಲ್ಲಿ ಬನ್ನಿ. ಮನೆ ಹೊಂದಿಸಲಿಕ್ಕೂ ಸಮಯ ಸಿಗುತ್ತದೆ, ಮಗು ಎಲ್ಲರ ಜೊತೆ ಹೊಸ ಕ್ಲಾಸಿಗೆ ಹೋಗುತ್ತದೆ. ಒಂದನೇ ಕ್ಲಾಸಿಗೆ ಮೊದಲು ಪಿಪಿ1, ಪಿಪಿ2 ಅಂತ ಎರಡು ವರ್ಷ.

ಮಗಳು ಎರಡು ತಿಂಗಳು ಕ್ಲಾಸಿನಲ್ಲಿ ಬಾಯೇ ಬಿಡಲಿಲ್ಲ. ವಿಚಾರಿಸಿದರೆ ಪಾಠದ ಕಷ್ಟ ಅಲ್ಲ, ಜಡೆಯ ಕಷ್ಟ. ಇಲ್ಲಿಯ ಹೆಣ್ಣುಮಕ್ಕಳು ಸ್ಕೂಲಿಗೆ ಕೂದಲು ಸಣ್ಣಗೆ ಕತ್ತರಿಸಿಕೊಂಡೋ ಬಿಗಿಯಾಗಿ ಹೆಣೆದುಕೊಂಡೋ ಬರುತ್ತಾರೆ, ಇವಳ ಉದ್ದ ಜಡೆ ಮುಟ್ಟಿ ನೋಡಲಿಕ್ಕೆ ಎಲ್ಲರಿಗೂ ಆಸೆ. ಟೀಚರ್ ಹತ್ತಿರ ದೂರು ಕೊಡಲಿಲ್ಲ. "ಬಾಸಿ" ಅನ್ನು ಅಂತ ಹೇಳಿಕೊಟ್ಟೆ, ಸಾಕು ಅಂತ ಅರ್ಥ, ಹಿಂದಿಯ ‘ಬಸ್’ ಇದ್ದ ಹಾಗೆ. ಆಮೇಲೆ ಒಂದು ಶನಿವಾರ ನಾಲ್ಕು ಹುಡುಗಿಯರನ್ನು ಮನೆಗೆ ಕರೆದು, ದೋಸೆ ಕೊಟ್ಟು, ಅವರಿಂದಲೇ ಇವಳಿಗೆ ಸಣ್ಣ ಸಣ್ಣ ಜಡೆ ಹಾಕಿಸಿದೆ. ಸೋಮವಾರದಿಂದ ಸ್ಕೂಲಿಗೆ ಓಡಿದಳು. ಸ್ಕೂಲ್ ವ್ಯಾನ್ ದುಬಾರಿ ಅನಿಸಿದರೂ ಬೊಡಾ ಬೊಡಾ ಅನ್ನೋ ಬಾಡಿಗೆ ಬೈಕಿನಲ್ಲಿ ಮಕ್ಕಳನ್ನು ಕಳಿಸಬೇಡಿ, ಇದರಲ್ಲಿ ನಾನು ಮಾತೇ ಕೇಳುವುದಿಲ್ಲ.

ಕಿರಿಯವನದ್ದು ಬೇರೆ ಕಥೆ. ಅವನು ಒಂದೇ ತಿಂಗಳಲ್ಲಿ ಬೀದಿಯವನಾದ. ಆರನೇ ತಿಂಗಳಿಗೆ ಕನ್ನಡದಲ್ಲಿ ಕೇಳಿದರೆ ಸ್ವಾಹಿಲಿಯಲ್ಲಿ ಉತ್ತರ. ಮನೆಯೊಳಗೆ ಕನ್ನಡವೇ ಅಂತ ಕಟ್ಟುನಿಟ್ಟು ಮಾಡಿ, ಹಟದಿಂದಲ್ಲ, ಅಜ್ಜಿಗೋಸ್ಕರ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಇಲ್ಲಿ ಸಂಜೆ ಐದಕ್ಕೆ ಅಲ್ಲಿ ಏಳೂವರೆ. ಆ ಹೊತ್ತಿಗೆ ದಿನಾ ಹತ್ತು ನಿಮಿಷ ವಿಡಿಯೋ ಕಾಲ್. ರಾತ್ರಿ ಪ್ರಾರ್ಥನೆ, ಬೈಬಲ್ ಓದು ಕನ್ನಡದಲ್ಲೇ.

ಊರಿಂದ ಯಾರಾದರೂ ಬರುವವರಿದ್ದರೆ ಏನು ತರಿಸಬೇಕು ಅಂತ ಕೇಳಿದಿರಲ್ವಾ: ಮಕ್ಕಳ ಕನ್ನಡ ಕಥೆ ಪುಸ್ತಕ, ಬ್ಯಾಡಗಿ ಮೆಣಸಿನಕಾಯಿ, ನಿಮ್ಮದೇ ಕುಕ್ಕರಿನ ಗ್ಯಾಸ್ಕೆಟ್ ಎರಡು.