ಕೌಂಟರ್ ಮುಂದೆ ಬಂದ ಪ್ರಶ್ನೆಗಳೇ ನನ್ನ ಕೀವರ್ಡ್

ಬೀದರ್‌ನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಅರ್ಜಿ, ಲಗ್ನಪತ್ರಿಕೆ, ಬಾಡಿಗೆ ಕರಾರು, ಬಯೋಡೇಟಾ ಅಂತ ಬೆಳಗಿನಿಂದ ಟೈಪಿಂಗ್. ಸಂಜೆ ಗಿರಾಕಿ ಕಮ್ಮಿಯಾದ ಮೇಲೆ ನಮ್ಮ ಕಡೆಯ ಕೋಟೆ, ಜಾತ್ರೆ, ಊಟದ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಮೊದಲ ಎಂಟು ತಿಂಗಳು ಅದನ್ನು ಓದಿದವರು ಮೂರೇ ಮಂದಿ. ನಾನು, ನನ್ನ ತಮ್ಮ, ಮತ್ತೆ ಕಾಗುಣಿತದ ತಪ್ಪು ಹುಡುಕೋಕೆ ಅಂತಲೇ ಓದುವ ನಮ್ಮ ಕಾಕಾ.

ಒಂದು ದಿನ ಹುಮನಾಬಾದ್ ಕಡೆಯ ಮಾಸ್ತರರೊಬ್ಬರು ಶಾಲೆಯ ಪ್ರವಾಸದ ಪತ್ರ ಟೈಪ್ ಮಾಡಿಸೋಕೆ ಬಂದರು. ಪ್ರಿಂಟ್ ಹೊರಗೆ ಬರುವಷ್ಟರಲ್ಲಿ ಕೇಳಿದರು: "ಕೋಟಿ ಎಷ್ಟ್ ಗಂಟಿಗಿ ಬಂದ್ ಮಾಡ್ತಾರ್ರಿ?" ನಾನು ಜಂಬದಿಂದ, "ಗೂಗಲ್‌ನಾಗ ಹೊಡೀರಿ ಸರ್, ನಾನೇ ಬರ್ದೀನಿ, ಬರ್ತದ" ಅಂದೆ. ಅವರು ಫೋನ್ ತೆಗೆದು ಹೊಡೆದರು. ಮೊದಲ ಪುಟ ಪೂರ್ತಿ ನೋಡಿದರು. ಪಾಪ, ಎರಡನೆಯದನ್ನೂ ನೋಡಿದರು. "ನಿಮ್ದು ಎಲ್ಲೂ ಕಾಣವಲ್ದಲ್ರಿ" ಅಂದರು. ಇಬ್ಬರೂ ನಕ್ಕೆವು. ನನ್ನ ನಗು ಬರೀ ಹಲ್ಲು ತೋರಿಸಿದ್ದಷ್ಟೇ.

ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗೂಗಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಸೈಟ್ ಅಂತ ಹೊಡೆದು, ಕೋಲನ್ ಹಾಕಿ, ನಡುವೆ ಜಾಗ ಬಿಡದೆ ನನ್ನ ಬ್ಲಾಗಿನ ವಿಳಾಸ ಬರೆದೆ. ಗೂಗಲ್ ಹತ್ತಿರ ನಮ್ಮ ಯಾವ ಪುಟಗಳಿವೆ ಅಂತ ಸುಮಾರಾಗಿ ತಿಳಿಯೋಕೆ ಇದು ಸುಲಭದ ದಾರಿ. ಒಂದೂ ಬರಲಿಲ್ಲ. ಹತ್ತನೇ ಪುಟದಲ್ಲೋ ಇಪ್ಪತ್ತನೇ ಪುಟದಲ್ಲೋ ಇದ್ದೇನೆ ಅಂದುಕೊಂಡಿದ್ದೆ. ನೋಡಿದರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ.

ಕಾರಣ ಹುಡುಕೋಕೆ ಎರಡು ದಿನ ಹಿಡಿಯಿತು. ಕಾರಣ ಒಂದು ಟಿಕ್. ನನ್ನ ಬ್ಲಾಗ್ ನಡೆಸೋ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್, ಅಲ್ಲಿ ತೀರಾ ಕೆಳಗೆ ಒಂದು ಚೌಕ ಇದೆ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡೋದು, ಅಂದ್ರೆ ತಮ್ಮ ಪಟ್ಟಿಗೆ ಸೇರಿಸೋದು ಬೇಡ ಅಂತ ಹೇಳೋ ಚೌಕ. ಸೈಟ್ ಕಟ್ಟಿಕೊಟ್ಟ ಹುಡುಗ ಕೆಲಸ ಮುಗಿಯೋವರೆಗೆ ಇರಲಿ ಅಂತ ಟಿಕ್ ಹಾಕಿದ್ದ, ಆಮೇಲೆ ತೆಗೆಯೋದು ಮರೆತಿದ್ದ. ಬಾಗಿಲಿಗೆ "ಒಳಗೆ ಬರಬೇಡಿ" ಅಂತ ಬೋರ್ಡ್ ಹಾಕಿ, ಎಂಟು ತಿಂಗಳು ಗಿರಾಕಿ ಕಾದಿದ್ದೆ. ಹೊಸಬರಿಗೆ ನಾನು ಮೊದಲು ಹೇಳೋದು ಇದನ್ನೇ. ಬೇರೆ ಏನೂ ಮಾಡೋ ಮುಂಚೆ ಆ ಚೌಕ ನೋಡಿ.

ಟಿಕ್ ತೆಗೆದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ಸೇರಿಸಿದೆ. ನಮ್ಮ ಸೈಟ್ ಹುಡುಕಾಟದಲ್ಲಿ ಹೇಗಿದೆ ಅಂತ ತೋರಿಸೋ ಸಾಧನ ಅದು, ಗೂಗಲ್‌ನದ್ದೇ, ಪೂರ್ತಿ ಪುಕ್ಕಟೆ. ಸೈಟ್‌ಮ್ಯಾಪ್‌ಗೆ, ಅಂದ್ರೆ ಸೈಟಿನ ಪುಟಗಳ ಪಟ್ಟಿಗೆ, ತಲೆ ಕೆಡಿಸಿಕೊಳ್ಳೋ ಹಾಗೇ ಇಲ್ಲ. 2020ರಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಅದನ್ನು ಮಾಡಿಕೊಡುತ್ತದೆ, ವಿಳಾಸ ಕೊಟ್ಟರೆ ಸಾಕು.

ಒಂದೆರಡು ವಾರಕ್ಕೆ ಪುಟಗಳು ಒಂದೊಂದಾಗಿ ಒಳಗೆ ಬಂದವು. ಆದ್ರೆ ನನ್ನ ಅರ್ಧಕ್ಕರ್ಧ ಲೇಖನಗಳಿಗೆ ಹುಡುಕಾಟದಲ್ಲಿ ಒಂದು ಇಂಪ್ರೆಷನ್ನೂ ಇಲ್ಲ, ಅಂದ್ರೆ ಯಾರ ಹುಡುಕಾಟದಲ್ಲೂ ಅವು ಒಮ್ಮೆಯೂ ಕಾಣಿಸಿಕೊಂಡಿಲ್ಲ. ಇದು ನಮ್ಮಂಥ ಡಿಟಿಪಿಯವರಿಗೇ ಅಂಟಿದ ರೋಗ. ಹಳೇ ಲೇಖನಗಳೆಲ್ಲ ನಾನು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಎಲ್ಲಾ ಕಡೆ ಕನ್ನಡವಾಗಿಯೇ ಉಳಿಯೋ ಯೂನಿಕೋಡ್ ಅಲ್ಲ. ಅದನ್ನು ಬ್ಲಾಗಿಗೆ ಪೇಸ್ಟ್ ಮಾಡಿದರೆ ತಲೆಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಹಾಗಾಗಿ ನಾನೇನು ಮಾಡುತ್ತಿದ್ದೆ ಅಂದ್ರೆ, ಪೇಜ್‌ಮೇಕರ್‌ನಲ್ಲಿ ಚಂದ ಮಾಡಿ, ಇಡೀ ಲೇಖನವನ್ನು ಜೆಪಿಜಿ ಮಾಡಿ ಹಾಕುತ್ತಿದ್ದೆ. ನೋಡೋಕೆ ಲಗ್ನಪತ್ರಿಕೆ ಥರ ಇರುತ್ತಿತ್ತು. ಆದ್ರೆ ಗೂಗಲ್‌ಗೆ ಅದು ಒಂದು ಫೋಟೋ ಅಷ್ಟೇ, ಒಳಗಿನ ಸಾವಿರ ಪದ ಲೆಕ್ಕಕ್ಕಿಲ್ಲ.

ಎಲ್ಲವನ್ನೂ ಯೂನಿಕೋಡ್‌ಗೆ ತಿರುಗಿಸಿದೆ. ತಿರುಗಿಸೋ ಸಾಧನಗಳು ಸುಲಭವಾಗಿ ಸಿಗುತ್ತವೆ. ಆದ್ರೆ ಅವುಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ನಾನು ಬಳಸಿದ್ದು ಅರ್ಕಾವತ್ತಿನಲ್ಲಿ ಎಡವಿತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಆ ರಕಾರ ಮುಂಚೆ ಬರಬೇಕು. ಹೀಗಾಗಿ "ಕರ್ನಾಟಕ" ಹೋಗಿ "ಕನಾರ್ಟಕ" ಆಗಿತ್ತು, "ಕಲಬುರ್ಗಿ" ಹೋಗಿ "ಕಲಬುಗಿರ್". ಕಲಬುಗಿರ್ ಕೋಟೆ ಅಂತ ಯಾರಾದರೂ ಹುಡುಕುತ್ತಾರಾ? ನಮ್ಮ ಕಾಕಾ ಒಂದು ತಿಂಗಳು ಕೂತು ನಲವತ್ತು ಲೇಖನ ತಿದ್ದಿದರು. ಸಂಬಳ ಅಂದ್ರೆ ದಿನಕ್ಕೆ ಎರಡು ಚಹಾ.

ಈಗ ಆ ಮಾಸ್ತರರ ಫೋನಿಗೆ ಬರೋಣ. ಅವತ್ತು ಅವರ ಬೆರಳು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಜೀವನಪೂರ್ತಿ ಕನ್ನಡ ಕಲಿಸಿದ ಮನುಷ್ಯ. ಅವರು ಹೊಡೆದದ್ದು ಇಂಗ್ಲಿಷ್ ಅಕ್ಷರದಲ್ಲಿ "ಬೀದರ್ ಕೋಟೆ ಟೈಮಿಂಗ್". ನನ್ನ ಲೇಖನದ ಶೀರ್ಷಿಕೆ "ಬಹಮನಿಯರ ಗತವೈಭವಕ್ಕೆ ಮೂಕಸಾಕ್ಷಿ". ಅದರಲ್ಲಿ ಬೀದರ್ ಇಲ್ಲ, ಕೋಟೆ ಇಲ್ಲ, ಟೈಮೂ ಇಲ್ಲ. ಮೂಕಸಾಕ್ಷಿ ನಿಜಕ್ಕೂ ಮೂಕವಾಗಿತ್ತು.

ಅಲ್ಲಿಂದ ನಾನು ಕೌಂಟರ್ ಕೆಳಗೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟೆ. ಹೊರಗಿನಿಂದ ಬಂದವರು ಏನು ಕೇಳಿದರೂ, ಅವರ ಮಾತಿನಲ್ಲೇ ಬರೆದುಕೊಳ್ಳೋದು. "ಝರಣಿ ನರಸಿಂಹಗ ಹೋಗ್ಲಿಕ್ಕ ಬ್ಯಾರೆ ಅರಿವಿ ಒಯ್ಬೇಕೇನ್ರಿ?" ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡೋ ಗುಹೆ ಅದು, ಪ್ರಶ್ನೆ ಸರಿಯಾಗಿಯೇ ಇದೆ. "ಗುರುದ್ವಾರದಾಗ ಊಟ ಎಲ್ಲರಿಗೂ ಕೊಡ್ತಾರೇನಣ್ಣಾ?" "ಬಿದ್ರಿ ಸಾಮಾನ ಅಸಲಿನೋ ನಕಲಿನೋ ಹ್ಯಾಂಗ ತಿಳೀತದ?" ಜನ ಹುಡುಕೋಕೆ ಹೊಡೆಯೋ ಪದಗಳೇ ಕೀವರ್ಡ್. ಕೀವರ್ಡ್ ರಿಸರ್ಚ್ ಅಂತ ದೊಡ್ಡ ಹೆಸರಿನಲ್ಲಿ ಕರೆಯೋದು ಇದನ್ನೇ. ಆಮೇಲೆ ಅದೇ ಮಾತನ್ನು ಗೂಗಲ್ ಪೆಟ್ಟಿಗೆಯಲ್ಲಿ ಅರ್ಧ ಹೊಡೆದು, ಕೆಳಗೆ ತಾನಾಗಿ ಏನೇನು ಬರುತ್ತದೆ ಅಂತ ನೋಡಿ, ಅದನ್ನೂ ಬರೆದುಕೊಳ್ಳುತ್ತೇನೆ. ದುಡ್ಡು ಕೊಟ್ಟು ಯಾವ ಟೂಲೂ ತಗೊಂಡಿಲ್ಲ. ಕನ್ನಡದ ಮಟ್ಟಿಗೆ ನೋಟ್‌ಬುಕ್ ಎಷ್ಟೋ ವಾಸಿ.

ಬಿದರಿ ಲೇಖನದ ಕಥೆ ಕೇಳಿ. ಮೊದಲ ಶೀರ್ಷಿಕೆ "ಕರಿಮೈಗೆ ಬೆಳ್ಳಿಯ ನಗು". ನನಗೆ ಈಗಲೂ ಅದು ಇಷ್ಟ. ಆದ್ರೆ ಓದುಗರು ಸೊನ್ನೆ. ಅದನ್ನು "ಬಿದರಿ ಪಾತ್ರೆ ಅಸಲಿಯೋ ನಕಲಿಯೋ ಗುರುತಿಸುವುದು ಹೇಗೆ?" ಅಂತ ಬದಲಿಸಿದೆ. ಒಳಗೆ ಮೊದಲ ಪ್ಯಾರಾದಲ್ಲೇ ನೇರ ಉತ್ತರ ಕೊಟ್ಟೆ: ಇದು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಸಾಮಾನು, ಕೈಗೆ ಭಾರ ಇರುತ್ತದೆ, ಅಯಸ್ಕಾಂತಕ್ಕೆ ಅಂಟಲ್ಲ, ಬೆಳ್ಳಿ ಮೇಲೆ ಬಳಿದದ್ದಲ್ಲ, ಕೊರೆದ ಗೆರೆಯೊಳಗೆ ಕೂರಿಸಿದ್ದು. ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸೋ ಕಥೆ, ಚರಿತ್ರೆ ಎಲ್ಲ ಆಮೇಲೆ. ಹಳೇ ಶೀರ್ಷಿಕೆಯನ್ನು ಒಳಗೆ ಒಂದು ಉಪಶೀರ್ಷಿಕೆ ಮಾಡಿದೆ, ಹೊಟ್ಟೆ ಉರಿ ಕಮ್ಮಿಯಾಗಲಿ ಅಂತ. 2023ರಲ್ಲಿ ನಮ್ಮೂರ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಜನ ಬಿದರಿ ಬಗ್ಗೆ ಹುಡುಕಿದರು. ನನ್ನ ಪುಟ ಆಗಲೇ ರೆಡಿ ಇತ್ತು. ಮೊದಲ ಸಲ ನನ್ನ ಗ್ರಾಫ್ ಮೇಲಕ್ಕೆ ಎದ್ದಿದ್ದು ಆಗಲೇ.

ಕನ್ನಡದಲ್ಲಿ ಒಂದು ತೊಡಕು ಜಾಸ್ತಿ ಇದೆ. ಅದೇ ಕಾಗುಣಿತ. ಬೀದರ್, ಬೀದರ, ಬಿದರ್. ಬಿದರಿ, ಬಿದ್ರಿ. ಕಲಬುರಗಿಯದ್ದಂತೂ ಕೇಳಲೇಬೇಡಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಜನರ ಬೆರಳಿಗೆ ಇನ್ನೂ ಆಗಿಲ್ಲ. ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲ್ಬುರ್ಗಿ ಎಲ್ಲಾ ಬರುತ್ತವೆ. ಇಲ್ಲಿ ನಾನು ಒಂದು ದಡ್ಡತನ ಮಾಡಿದೆ. ಅಲ್ಲಿನ ಕೋಟೆಯೊಳಗಿನ 1367ರ ಜಾಮಾ ಮಸೀದಿ ಬಗ್ಗೆ ಬರೆದ ಲೇಖನದ ಕೊನೆಗೆ ಈ ಎಲ್ಲಾ ರೂಪಗಳನ್ನೂ ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ತುಂಬಿದೆ. ಓದುಗರಿಗೆ ಕಾಣಲ್ಲ, ಗೂಗಲ್‌ಗೆ ಕಾಣುತ್ತದೆ ಅನ್ನೋ ಲೆಕ್ಕ. ಇದು ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲಿ ಹೆಸರು ಹೇಳಿ ಬೇಡ ಅಂದಿರೋ ಕೆಲಸ ಅಂತ ಆಮೇಲೆ ಗೊತ್ತಾಯಿತು. ಓದುಗರಿಗೆ ಕಾಣದ, ಸರ್ಚ್ ಎಂಜಿನ್‌ಗಷ್ಟೇ ಅಂತ ಇರೋ ಕೀವರ್ಡ್ ಮೆಟಾ ಟ್ಯಾಗ್ ಪೆಟ್ಟಿಗೆಯಲ್ಲೂ ನಲವತ್ತು ಪದ ತುರುಕಿದ್ದೆ. ಆ ಟ್ಯಾಗನ್ನು ತಾವು ನೋಡೋದೇ ಇಲ್ಲ ಅಂತ ಗೂಗಲ್‌ನವರು 2009ರಲ್ಲೇ ಹೇಳಿಬಿಟ್ಟಿದ್ದಾರೆ. ಎರಡನ್ನೂ ಕಿತ್ತು ಹಾಕಿದೆ. ಈಗ ಮೊದಲ ಪ್ಯಾರಾದಲ್ಲಿ ಒಂದು ಸಾಮಾನ್ಯ ವಾಕ್ಯ ಇರುತ್ತದೆ: "ಹಳಬರು ಇನ್ನೂ ಗುಲ್ಬರ್ಗಾ ಅನ್ನುವ ಕಲಬುರಗಿಯಲ್ಲಿ..." ಅಷ್ಟೇ. ಮಿಕ್ಕ ರೂಪಗಳನ್ನು ಗೂಗಲ್ ಬಹುತೇಕ ತಾನೇ ಹೊಂದಿಸಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯೋರಿಗಾಗಿ ಪುಟದ ವಿಳಾಸವನ್ನೂ ಫೋಟೋ ಫೈಲಿನ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ.

ವಿಳಾಸದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಅಭಿಮಾನದಿಂದ ವಿಳಾಸವನ್ನೂ ಕನ್ನಡದಲ್ಲೇ ಇಟ್ಟಿದ್ದೆ. ಬ್ರೌಸರ್‌ನಲ್ಲಿ ಚಂದ ಕಾಣುತ್ತದೆ. ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ನೋಡಬೇಕು. ಕಂಪ್ಯೂಟರ್ ಒಳಗೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಜತೆ ಮೂರು ಅಕ್ಷರ ಆಗುತ್ತದೆ. "ಬೀದರ್" ಅನ್ನೋದರಲ್ಲಿ ಬಕಾರ, ದೀರ್ಘ, ದಕಾರ, ರಕಾರ, ಅರ್ಧಾಕ್ಷರದ ಚಿಹ್ನೆ ಸೇರಿ ಐದು. ಐದು ಒಂಬತ್ತಲ ನಲವತ್ತೈದು! ಒಂದು ಊರಿನ ಹೆಸರಿಗೆ ನಲವತ್ತೈದು ಅಕ್ಷರದ ಬಾಲ. ಕನ್ನಡ ವಿಳಾಸದಿಂದ ಹುಡುಕಾಟಕ್ಕೇನೂ ತೊಂದರೆ ಇಲ್ಲ, ಗೂಗಲ್ ಓದಿಕೊಳ್ಳುತ್ತದೆ. ಆದ್ರೆ ಮನುಷ್ಯರು ಅದನ್ನು ವೈರಸ್ ಲಿಂಕ್ ಅಂದುಕೊಂಡು ಮುಟ್ಟಲ್ಲ. ನನ್ನ ತಮ್ಮನೇ ಮುಟ್ಟಿರಲಿಲ್ಲ.

ಸರಿ ಅಂತ ಒಂದೇ ಭಾನುವಾರ ಅರವತ್ತೂ ವಿಳಾಸ ಬದಲಿಸಿದೆ. ಹೊಡೆತ ಬಿತ್ತು. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸೋ 301 ರೀಡೈರೆಕ್ಟ್ ಹಾಕಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಅಂಗಡಿ ಜಾಗ ಬದಲಿಸಿ ಹಳೇ ಶಟರ್ ಮೇಲೆ ಚೀಟಿ ಅಂಟಿಸದೆ ಹೋದ ಹಾಗೆ. ಸಾಕಷ್ಟು ಪುಟಗಳು "ಪುಟ ಸಿಗಲಿಲ್ಲ" ಅಂತ ಬಂದು, ಇದ್ದ ಚೂರುಪಾರು ಓದುಗರೂ ಹೋದರು. ರೀಡೈರೆಕ್ಟ್ ಹಾಕಿದ ಮೇಲೆ ಸುಧಾರಿಸೋಕೆ ತಿಂಗಳುಗಳೇ ಬೇಕಾದವು. ಈಗ ಒಮ್ಮೆ ಇಟ್ಟ ವಿಳಾಸ ಮುಟ್ಟಲ್ಲ. ವರ್ಷದ ಅಂಕಿಯನ್ನೂ ಅದರಲ್ಲಿ ಹಾಕಲ್ಲ. ಎಳ್ಳಮಾಸಿಗೆ ಭಜ್ಜಿ, ಸಜ್ಜೆ ರೊಟ್ಟಿ ಮಾಡೋದು, ಹೊಲದಲ್ಲಿ ಚರಗ ಚೆಲ್ಲೋದರ ಬಗ್ಗೆ ಒಂದೇ ಪುಟ ಇದೆ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಆ ವರ್ಷದ ತಾರೀಕು, ಹೊಸ ಫೋಟೋ ಸೇರಿಸಿ ಅದನ್ನೇ ತಿದ್ದುತ್ತೇನೆ.

ಫೋಟೋದ್ದು ಚಿಕ್ಕ ಮಾತು. ಕ್ಯಾಮೆರಾದಿಂದ ಬಂದ ಆರು ಎಂಬಿ ಫೋಟೋ ನೇರವಾಗಿ ಹಾಕಬೇಡಿ. ಅಗಲ ಸಾವಿರದ ಇನ್ನೂರು ಪಿಕ್ಸೆಲ್ ಮಾಡಿ, ವೆಬ್‌ಪಿ ಅನ್ನೋ ಹಗುರ ಫೋಟೋ ರೂಪಕ್ಕೆ ತಿರುಗಿಸಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್‌ನ ಅಳತೆ. ಔರಾದ್ ಕಡೆ ಹೊಲದಲ್ಲಿ ನಿಂತು ಎರಡು ಕಡ್ಡಿ ನೆಟ್‌ವರ್ಕ್‌ನಲ್ಲಿ ತೆರೆದು ನೋಡೋದು ನನ್ನ ಅಳತೆ.

ಮಧ್ಯದಲ್ಲಿ ಒಬ್ಬರು ಫೋನ್ ಮಾಡಿ, ಐದು ಸಾವಿರ ಕೊಟ್ಟರೆ ಒಂದೇ ತಿಂಗಳಲ್ಲಿ ಮೊದಲ ಪುಟ ಗ್ಯಾರಂಟಿ ಅಂದರು. ಕೊಟ್ಟೆ. ಬೇರೆ ಸೈಟಿನಿಂದ ಲಿಂಕ್ ಇದ್ದರೆ ಗೂಗಲ್ ಬೆಲೆ ಕೊಡುತ್ತದೆ ಅಂತ, ಅವರು ಎಲ್ಲೆಲ್ಲಿಂದಲೋ ನನ್ನ ಬ್ಲಾಗಿಗೆ ಲಿಂಕ್ ಹಾಕಿಸಿದರು. ಸರ್ಚ್ ಕನ್ಸೋಲ್‌ನ ಲಿಂಕ್ಸ್ ಪಟ್ಟಿ ನೋಡಿದರೆ ಜೂಜಿನ ಸೈಟು, ಕೂದಲು ಬೆಳೆಸೋ ಎಣ್ಣೆಯ ಸೈಟು. ಕೂದಲೆಣ್ಣೆಗೂ ನಮ್ಮ ಬರೀದ್ ಶಾಹಿ ಗೋರಿಗಳಿಗೂ ಏನು ಸಂಬಂಧ? ಒಂದು ಸ್ಥಾನವೂ ಮೇಲೆ ಹೋಗಲಿಲ್ಲ. ದುಡ್ಡು ಕೊಟ್ಟು ಲಿಂಕ್ ಕೊಳ್ಳೋದು ಗೂಗಲ್ ನಿಯಮಕ್ಕೆ ವಿರುದ್ಧ, ಮೊದಲ ಸ್ಥಾನ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್‌ನವರೇ ಬರೆದಿದ್ದಾರೆ. ಅದನ್ನು ಮೊದಲೇ ಓದಿದ್ದರೆ ಅಂಗಡಿಗೆ ಒಂದು ಹೊಸ ಯುಪಿಎಸ್ ಬರುತ್ತಿತ್ತು. ನನ್ನದೇ ಹಳೇ ಲೇಖನಗಳನ್ನು ಒಂದಕ್ಕೊಂದು ಜೋಡಿಸಿದ್ದು ಇದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಅಲ್ಲೂ "ಇಲ್ಲಿ ಕ್ಲಿಕ್ ಮಾಡಿ" ಅಂತ ಬರೆಯಲ್ಲ. "ಅಷ್ಟೂರಿನ ಗುಮ್ಮಟಗಳು" ಅನ್ನೋ ಮಾತಿಗೇ ಲಿಂಕ್ ಕೊಡುತ್ತೇನೆ.

ಈಗ ನನ್ನ ಸೋಮವಾರದ ಅಭ್ಯಾಸ ಅಂದ್ರೆ ಸರ್ಚ್ ಕನ್ಸೋಲ್ ತೆರೆದು, ಇಂಪ್ರೆಷನ್ ಜಾಸ್ತಿ ಇದ್ದು ಕ್ಲಿಕ್ ಕಮ್ಮಿ ಇರೋ ಪುಟ ಯಾವುದು ಅಂತ ನೋಡೋದು. ಜನ ನೋಡಿಯೂ ಒತ್ತಿಲ್ಲ ಅಂದ್ರೆ ಶೀರ್ಷಿಕೆ ಸರಿ ಇಲ್ಲ, ಇಲ್ಲವೇ ಉತ್ತರ ಬೇರೆ ಕಡೆ ಸಿಕ್ಕಿದೆ. ಮಾಸ್ತರರ ಕೋಟೆ ಟೈಮಿಂಗ್ ಪುಟಕ್ಕೆ ಆಗಿದ್ದು ಎರಡನೆಯದು. ಕೊನೆಗೂ ಮೊದಲ ಪುಟಕ್ಕೆ ಬಂತು, ಆದ್ರೆ ಕ್ಲಿಕ್ ಮಾತ್ರ ಬರಲಿಲ್ಲ. ಯಾಕಂದ್ರೆ ಸಮಯದಂಥ ಪ್ರಶ್ನೆಗೆ ಗೂಗಲ್ ಮೇಲುಗಡೆ ತಾನೇ ಉತ್ತರ ತೋರಿಸಿಬಿಡುತ್ತದೆ. ಅದೇ ಕೋಟೆ ಬಗ್ಗೆ "ವಯಸ್ಸಾದ ಅಪ್ಪ ಅಮ್ಮನ ಜತೆ ಬೀದರ್ ಕೋಟೆ: ಎಲ್ಲಿವರೆಗೆ ಗಾಡಿ ಹೋಗುತ್ತದೆ, ಎಲ್ಲಿ ಮೆಟ್ಟಿಲು, ಎಲ್ಲಿ ನೆರಳು" ಅಂತ ಬರೆದದ್ದಕ್ಕೆ ದಿನಾ ಓದುಗರಿದ್ದಾರೆ. ಅದಕ್ಕೆ ಉತ್ತರ ಕೊಡಬೇಕಾದರೆ ಯಾರಾದರೂ ಬಿಸಿಲಿನಲ್ಲಿ ನಡೆದಿರಬೇಕು.

ನೋಟ್‌ಬುಕ್ಕಿನಲ್ಲಿ ಈ ವಾರ ಬಂದ ಹೊಸ ಪ್ರಶ್ನೆ ಒಂದಿದೆ. ಬಸವಕಲ್ಯಾಣದಿಂದ ಬಂದಿದ್ದ ಅಕ್ಕ ಒಬ್ಬರು ಕೇಳಿದ್ದು: "ರಂಗೀನ್ ಮಹಲಿಗಿ ಕೀಲಿ ಹಾಕಿದ್ರ ಯಾರಿಗಿ ಕೇಳ್ಬೇಕ್ರಿ ತಮ್ಮಾ?" ಭಾನುವಾರ ಅಂಗಡಿ ತಮ್ಮನಿಗೆ ಬಿಟ್ಟು ಕೋಟೆಗೆ ಹೋಗಬೇಕು.