ಗೂಗಲ್‌ಗೂ ಸಿಗದ ಸುಳಿವು: ಬಸವನಗುಡಿಯಲ್ಲೊಂದು ಟ್ರೆಷರ್ ಹಂಟ್

ಆಫೀಸಿನ ಗೆಳೆಯರೋ, ಹಬ್ಬಕ್ಕೆ ಬಂದ ನೆಂಟರೋ, ಹದಿನೈದು ಜನ ಸೇರಿದರೆ ಸಾಕು, ಮಾಲ್‌ಗೆ ಹೋಗೋಣ ಅನ್ನುವವರೇ ಜಾಸ್ತಿ. ಈ ಸಲ ಭಾನುವಾರ ಬೆಳಿಗ್ಗೆ ಒಂದು ಟ್ರೆಷರ್ ಹಂಟ್ ಇಟ್ಟು ನೋಡಿ. ಖರ್ಚು ಕಡಿಮೆ, ತಯಾರಿಗೆ ಮಾತ್ರ ಒಂದು ದಿನ ಬೇಕು.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ಬೆಂಗಳೂರೆಲ್ಲ ಸುತ್ತಿಸುವ ಆಸೆ ಬೇಡ, ಆಟ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಮುಗಿದುಹೋಗುತ್ತೆ. ನಡೆದು ಮುಗಿಸುವಂಥ ಒಂದು ಬಡಾವಣೆ ಸಾಕು. ನನ್ನ ಮೆಚ್ಚಿನದು ಬಸವನಗುಡಿ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಸೇರಿ, ಗಾಂಧಿ ಬಜಾರ್, ಬ್ಯೂಗಲ್ ರಾಕ್, ದೊಡ್ಡ ಗಣಪತಿ, ದೊಡ್ಡ ಬಸವಣ್ಣ ಅಂತ ಹೋದರೆ ಎರಡು ಗಂಟೆಯ ಆಟ.

ತಂಡಕ್ಕೆ ನಾಲ್ಕೈದು ಜನ. ಮನೆಯವರ ಆಟವಾದರೆ ಪ್ರತಿ ತಂಡದಲ್ಲೂ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇರಲಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ತಂಡಕ್ಕೆ ಒಂದೇ ಫೋನು, ಅದೂ ಫೋಟೊಗೆ ಮಾತ್ರ.

ಇನ್ನು ಸುಳಿವು. ಆಟದ ಜೀವ ಇರುವುದೇ ಇಲ್ಲಿ. 'ದೊಡ್ಡ ಬಸವಣ್ಣನ ಗುಡಿ ಕಟ್ಟಿಸಿದವರು ಯಾರು?' ಅಂತ ಕೇಳಿದರೆ ಯಾರೋ ಕದ್ದು ಗೂಗಲ್ ನೋಡಿ 'ಕೆಂಪೇಗೌಡ' ಅಂತಾರೆ, ಅಲ್ಲಿಗೆ ಕಥೆ ಮುಗೀತು. ಅದರ ಬದಲು 'ಬಸವಣ್ಣನ ಕೊರಳಲ್ಲಿ ಇವತ್ತು ಯಾವ ಹೂವಿನ ಹಾರ ಇದೆ?' ಅಂತ ಕೇಳಿ. ಹೋಗಿ ನೋಡದೆ ಗತಿ ಇಲ್ಲ. ಜಾಗದ ಹೆಸರು ಹೇಳುವ ಬದಲು ಒಗಟು ಕಟ್ಟಿ:

'ಕಡಲೆಕಾಯಿ ಮೇಯ್ದು ಕಲ್ಲಾದೆ,
ಕಲ್ಲಾದರೂ ಕಾರ್ತಿಕದಲ್ಲಿ ಕಾಯುತ್ತಾ ಕೂತೆ.'

ಹೊಲಕ್ಕೆ ನುಗ್ಗುತ್ತಿದ್ದ ಬಸವನ ಕಥೆ, ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಎರಡೂ ಇದರಲ್ಲಿವೆ. ಹಳಬರು ಥಟ್ಟನೆ ಹೇಳುತ್ತಾರೆ, ಹೊಸಬರು ಬೀದಿಯಲ್ಲಿ ಯಾರನ್ನಾದರೂ ಕೇಳಬೇಕಾಗುತ್ತೆ. ಕೇಳಲಿ, ಅದೇ ಬೇಕಾಗಿರೋದು. ಬ್ಯೂಗಲ್ ರಾಕ್‌ಗೆ ನಾನು ಬರೆದದ್ದು: 'ಈ ಪಾರ್ಕಿನಲ್ಲಿ ಎಲ್ಲರಿಗಿಂತ ಹಿರಿಯರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಿ.' ಒಂದು ತಂಡ ವಾಕಿಂಗ್ ಬಂದಿದ್ದ ತಾತನ ಪಕ್ಕ ಕೂತು ಬಂತು! ಉತ್ತರ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ತಾತನ ಫೋಟೊಗೂ ಅರ್ಧ ಅಂಕ ಕೊಟ್ಟೆ, ಇರಲಿ.

ಸುಳಿವು ಬರೆದ ಮೇಲೆ ಹಿಂದಿನ ದಿನ ಒಮ್ಮೆ ನಡೆದು ನೋಡಿ. ಚೀಟಿ ಬಚ್ಚಿಡಲೇಬೇಡಿ. ಮೊದಲ ಸಲ ನಾನು ರಾತ್ರಿ ಬೆಂಚಿನ ಕೆಳಗೆಲ್ಲ ಅಂಟಿಸಿ ಬಂದಿದ್ದೆ. ಬೆಳಿಗ್ಗೆ ಕಸ ಗುಡಿಸುವವರು ನಮಗಿಂತ ಮೊದಲೇ ಬಂದು ನಿಧಿ ಎಲ್ಲ ಗೋಣಿಚೀಲಕ್ಕೆ ತುಂಬಿದ್ದರು. ಈಗ ಎಲ್ಲ ಒಂದೇ ಹಾಳೆಯಲ್ಲಿ, ಪ್ರತಿ ತಂಡಕ್ಕೂ ಬೇರೆ ಬೇರೆ ಕ್ರಮದಲ್ಲಿ. ಇಲ್ಲದಿದ್ದರೆ ಹಿಂದಿನವರು ಸುಮ್ನೆ ಮುಂದಿನವರ ಬೆನ್ನು ಹಿಡಿಯುತ್ತಾರೆ.

ಸುಳಿವಿಗೆ ಹತ್ತು ಅಂಕ, ತಡವಾದರೆ ನಿಮಿಷಕ್ಕೊಂದು ಕಟ್. ಗುಡಿಯೊಳಗೆ ಓಡಬಾರದು, ಗರ್ಭಗುಡಿಯ ಫೋಟೊ ಬೇಡ. ಇಷ್ಟು ನಿಯಮ ಸಾಕು.

ಕೊನೆಯ ಸುಳಿವು ಗಾಂಧಿ ಬಜಾರಿನಲ್ಲಿ: 'ಒಂದು ಮೊಳ ಮಲ್ಲಿಗೆ ತನ್ನಿ. ಕಡಿಮೆ ದುಡ್ಡಿಗೆ ತಂದವರಿಗೆ ಐದು ಅಂಕ, ಉದ್ದ ತಂದವರಿಗೆ ಇನ್ನೈದು.' ಅತ್ತೆ, ಚಿಕ್ಕಮ್ಮಂದಿರು ಬೇಕಾಗಿದ್ದು ಇದಕ್ಕೇ. ಹೂವಿನವರು ಮೊಳ ಹಾಕುವುದು ಮೊಣಕೈಯಿಂದ ಬೆರಳ ತುದಿವರೆಗೆ, ಅವರವರ ಕೈಯಲ್ಲಿ. ಕಳೆದ ಸಲ ದರ್ಶಿನಿಯ ಸ್ಟೀಲ್ ಟೇಬಲ್ ಮೇಲೆ ಕಾಫಿ ಲೋಟಗಳ ನಡುವೆ ಮೂರು ಮೊಳ ಪಕ್ಕಪಕ್ಕ ಇಟ್ಟು ಅಳೆದೆವು. ಒಂದು ಇನ್ನೊಂದಕ್ಕಿಂತ ಪೂರ್ತಿ ನಾಲ್ಕು ಬೆರಳು ಉದ್ದ. ಗೆದ್ದ ಚಿಕ್ಕಮ್ಮ ಕಾರಣ ಹೇಳಿದರು: 'ಚೌಕಾಸಿಗೆ ಮೊದಲು ಯಾರ ಕೈ ಉದ್ದ ಅಂತ ನೋಡ್ಕೊಂಡೆ ಕಣೋ.'