ಟೇಪ್ ಸುಡದೆ ಜಾಯಿಂಟ್ ಹಾಕಿದ್ದು: ನನ್ನ ಅನುಭವ

'ರೆಬ್ಕೊ ಟೇಪ್‌ಗೆ ಕೈಯಲ್ಲಿ ಜಾಯಿಂಟ್ ಹಾಕೋದು ಆಗದ ಕೆಲಸ' ಅಂತ ಜೊತೆಯವರೆಲ್ಲ ಹೇಳಿದ್ದರು. ರೆಬ್ಕೊ ಅಂದರೆ ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಅದ್ದಿದರೆ ತಡೆಯಿಲ್ಲದೆ ಕರೆಂಟ್ ಹರಿಸುವ ಸೂಪರ್‌ಕಂಡಕ್ಟರ್; ಅದರ ತೆಳು ಪದರ ಈ ಲೋಹದ ಟೇಪಿನೊಳಗಿರುತ್ತದೆ. ಈಗ ಪುಣೆಯ ಭೋಸರಿಯ ನಮ್ಮ ಶೆಡ್ಡಿನಲ್ಲಿ ಸಾಲಾಗಿ ಹದಿನೆಂಟು ಜಾಯಿಂಟ್ ಪಾಸಾಗಿವೆ. ಒಂದೊಂದರ ತಡೆಯೂ 40 ನ್ಯಾನೋ ಓಮ್ ಆಸುಪಾಸು, ಅದು ಕಡಿಮೆಯಾದಷ್ಟೂ ಒಳ್ಳೆಯದು. 100 ಆಂಪಿಯರ್ ಹರಿಸಿದರೆ ಮೀಟರ್ ತೋರಿಸೋದು 4 ಮೈಕ್ರೋವೋಲ್ಟ್ ಮಾತ್ರ.

ಇಲ್ಲಿಗೆ ಬರಲು ಎರಡು ವರ್ಷ ಹಿಡಿಯಿತು. ಒಂದೂವರೆ ಲಕ್ಷ ರೂಪಾಯಿ ಹೋಗಿರಬೇಕು. 4 ಮಿ.ಮೀ. ಟೇಪ್ ನನಗೆ ಮೀಟರಿಗೆ ಮೂರು ಸಾವಿರದ ಮೇಲೆಯೇ ಬಿತ್ತು. ಮೊದಲ ಆರು ತುಂಡು 350 ಡಿಗ್ರಿಯ ಸೋಲ್ಡರಿಂಗ್ ಐರನ್‌ಗೆ ಬಲಿಯಾದವು. ಹೊರಗೆ ತಾಮ್ರ ಫಳಫಳ ಹೊಳೆಯುತ್ತಿತ್ತು. ಒಳಗಿನ ಪದರ ಆಕ್ಸಿಜನ್ ಕಳೆದುಕೊಂಡು ಸತ್ತಿತ್ತು. 120 ಆಂಪಿಯರ್ ಹೊರಬೇಕಾದ ಟೇಪ್ 35ಕ್ಕೇ ಸೋತಿತು.

ಆಮೇಲೆ ಐರನ್ ಮುಟ್ಟಲಿಲ್ಲ. ಜುನಾ ಬಾಜಾರಿನಲ್ಲಿ ಸಿಕ್ಕ ಎರಡು ಅಲ್ಯೂಮಿನಿಯಂ ಗಟ್ಟಿಗೆ ಹೀಟರ್, ಶಾಖ ಅಳೆಯುವ ಥರ್ಮೋಕಪಲ್ ಕೂರಿಸಿದೆ. ಸೋಲ್ಡರ್ ಇಂಡಿಯಂ-ತವರ. 118 ಡಿಗ್ರಿಗೇ ಕರಗುತ್ತದೆ, ದುಬಾರಿ ನಿಜ, ಆದರೆ ಟೇಪ್ ಅದಕ್ಕಿಂತ ದುಬಾರಿ ಅಲ್ವಾ? ಗಟ್ಟಿಗಳನ್ನು 145ರ ಹತ್ತಿರ ಇಡುತ್ತೇನೆ. ಎರಡು ಟೇಪಿನ ತುದಿ 5 ಸೆ.ಮೀ. ಒಂದರ ಮೇಲೊಂದು, ಸೂಪರ್‌ಕಂಡಕ್ಟರ್ ಮುಖಕ್ಕೆ ಮುಖ. ಹ್ಯಾಸ್ಟೆಲಾಯ್ (ಟೇಪಿಗೆ ಆಧಾರವಾದ ನಿಕಲ್ ಮಿಶ್ರಲೋಹ) ಬದಿಗೆ ಹಾಕಿದರೆ ಓಮ್ ಏರಿಬಿಡುತ್ತದೆ. ಮೂರು ಸಲ ಹಾಗೇ ಕೆಟ್ಟಿತು. ತಣ್ಣಗಾಗುವವರೆಗೆ ಒತ್ತಡ ತೆಗೆಯಬಾರದು. ಎಷ್ಟು ಒತ್ತಡ, ಸೋಲ್ಡರ್ ಹಿಡಿಯಲು ಹಚ್ಚುವ ಫ್ಲಕ್ಸ್ ಎಷ್ಟು ತೆಳು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅತಿ ಬೇಸರ ತಂದದ್ದು ಒಂಬತ್ತನೇ ಜಾಯಿಂಟ್. ಅಳತೆ ಚೆನ್ನಾಗಿ ಬಂದಿತ್ತು. ಗಟ್ಟಿಯಾಗಿದೆಯಾ ಅಂತ ಸುಮ್ನೆ ಉಗುರಿನಿಂದ ಅಂಚು ಎಬ್ಬಿಸಿದೆ. ಸೋಲ್ಡರ್ ಬಿಡಲಿಲ್ಲ, ಟೇಪಿನ ಪದರವೇ ಕಿತ್ತು ಬಂತು. ಉದ್ದಕ್ಕೆ ಎಳೆದರೆ ಈ ಟೇಪ್ ಎಷ್ಟೋ ಕಿಲೋ ತಡೆಯುತ್ತದೆ, ಮೇಲಕ್ಕೆ ಸುಲಿದರೆ ಏನೇನೂ ತಡೆಯುವುದಿಲ್ಲ. ಇನ್ನೊಂದನ್ನು ಲಿಕ್ವಿಡ್ ನೈಟ್ರೋಜನ್ನಿನಿಂದ ತೆಗೆದು ಅವಸರಕ್ಕೆ ಹೇರ್ ಡ್ರೈಯರ್ ಹಿಡಿದೆ. ಒಳಗೆ ಸೇರಿದ್ದ ನೈಟ್ರೋಜನ್ ಆವಿಯಾಗಿ ಟೇಪ್ ಹಪ್ಪಳದ ಹಾಗೆ ಉಬ್ಬಿತು. ಈಗ ತೆಗೆದದ್ದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲೇ ರಾತ್ರಿಯಿಡೀ ಬಿಡುತ್ತೇನೆ.

ನಡುವೆ ಇನ್ನೊಂದು ಸೂಪರ್‌ಕಂಡಕ್ಟರ್ ಆದ ನಿಯೋಬಿಯಂ-ಟೈಟಾನಿಯಂ ತಂತಿಯ ಜಾಯಿಂಟನ್ನೂ ಹಿಡಿದಿದ್ದೆ. ಕರಗಿದ ತವರದಲ್ಲಿ ಅದ್ದಿ ತಾಮ್ರ ಕಳಚಿದೆ, ಒಳಗಿನ ಎಳೆಗಳಿಗೆ ಸೀಸ-ಬಿಸ್ಮತ್ ಸೋಲ್ಡರ್ ಹಿಡಿಸಿದೆ. ನೋಡೋಕೆ ಚೆಂದ ಬಂತು. ಪರೀಕ್ಷೆಗೆ 4.2 ಕೆಲ್ವಿನ್ (ಸುಮಾರು ಮೈನಸ್ 269 ಡಿಗ್ರಿ) ಬೇಕು, ಲಿಕ್ವಿಡ್ ಹೀಲಿಯಂ ನನ್ನ ಜೇಬಿಗೆ ನಿಲುಕದು. ಡಬ್ಬಿಯಲ್ಲಿಟ್ಟಿದ್ದೇನೆ.

ಜಾಯಿಂಟ್ ಅಳೆಯುವಾಗ ಕರೆಂಟಿನ ದಿಕ್ಕು ತಿರುಗಿಸಿ ಮೀಟರನ್ನು ಇನ್ನೊಮ್ಮೆ ಓದಿ. ಇಲ್ಲದಿದ್ದರೆ ತಂತಿ ತುದಿಗಳ ಬಿಸಿ-ತಂಪಿನ ವೋಲ್ಟೇಜೇ ಜಾಯಿಂಟಿನದು ಅನ್ನಿಸುತ್ತದೆ. ಹದಿನಾಲ್ಕನೆಯ ಜಾಯಿಂಟನ್ನು ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಇಪ್ಪತ್ತೈದು ಸಲ ಅದ್ದಿ ತೆಗೆದೆ. ಮೊದಲು 41 ನ್ಯಾನೋ ಓಮ್ ಇತ್ತು, ಕೊನೆಗೆ 43.